ಅಪ್‌ಡೇಟ್: ನಮ್ಮ ಗ್ಯಾಸ್ ಸೆನ್ಸರ್ ಪೇಟೆಂಟಿನ ಆಕ್ಷೇಪ ಎಲ್ಲಿಗೆ ಬಂತು

ಪುಣೆಯ ಭೋಸರಿಯಲ್ಲಿರುವ ನಮ್ಮ ಸಣ್ಣ ಕಾರ್ಖಾನೆಯ ಕಾರ್ಬನ್ ಮಾನಾಕ್ಸೈಡ್ ಸೆನ್ಸರಿನ ಪೇಟೆಂಟ್ ಅರ್ಜಿಗೆ ಬಂದ ಆಕ್ಷೇಪಕ್ಕೆ ಹೇಗೆ ಉತ್ತರಿಸುವುದೆಂದು ಈ ಹಿಂದೆ ಕೇಳಿದ್ದೆ. ಮಳೆಗಾಲದಲ್ಲಿ ಒಳಗಿನ ಸಲ್ಫ್ಯೂರಿಕ್ ಆಮ್ಲ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಜಾಗ ಸಾಲದಿದ್ದರೆ ಸೋರುತ್ತದೆ. ಅದಕ್ಕೆಂದೇ ಎಲೆಕ್ಟ್ರೋಡುಗಳ ಹಿಂದೆ ಖಾಲಿ ಕೋಣೆ ಮತ್ತು ಅದರೊಳಗೆ ಚಾಚಿದ ಬತ್ತಿ ಇಟ್ಟಿದ್ದೆವು. ಪೇಟೆಂಟ್ ಕಚೇರಿಯ ಪರೀಕ್ಷಕರು ಎರಡು ಹಳೆಯ ಪೇಟೆಂಟುಗಳನ್ನು ಮುಂದಿಟ್ಟು, ಕೋಣೆ ಒಂದರಲ್ಲಿದೆ, ಬತ್ತಿ ಇನ್ನೊಂದರಲ್ಲಿದೆ, ಜೋಡಿಸುವುದು ಈ ಕ್ಷೇತ್ರ ಬಲ್ಲವರಿಗೆ ತಾನಾಗಿಯೇ ಹೊಳೆಯುತ್ತದೆ ಎಂದಿದ್ದರು.

ಉತ್ತರ ಸಲ್ಲಿಸಿಯಾಯಿತು. ಮುಂಬೈಯಲ್ಲಿ ನೆಲೆಸಿರುವ, ಧಾರವಾಡ ಕಡೆಯ ಪೇಟೆಂಟ್ ಏಜೆಂಟರೊಬ್ಬರು ಸಿಕ್ಕಿದ್ದು ನಮ್ಮ ಪುಣ್ಯ. "ನಿಮ್ಮದು ಚೆನ್ನಾಗಿದೆ ಎಂದು ಹೊಗಳಿಕೊಳ್ಳಬೇಡಿ ಸರ್, ಇವೆರಡನ್ನು ಜೋಡಿಸಲು ಯಾರಿಗೂ ಕಾರಣವೇ ಇರಲಿಲ್ಲ ಎಂದು ತೋರಿಸಿ" ಎಂದರು. ಆ ದೃಷ್ಟಿಯಿಂದ ಓದಿದಾಗ ಸಿಕ್ಕಿತು: ಬತ್ತಿ ಇದ್ದದ್ದು ಸೀಸದ ಆನೋಡ್ ಸವೆಯುವ ಆಮ್ಲಜನಕ ಸೆನ್ಸರಿನಲ್ಲಿ, ಅಲ್ಲಿ ಅದರ ಕೆಲಸವೇ ಬೇರೆ. ಕೋಣೆಯಿದ್ದ ದಾಖಲೆಯಂತೂ, ಆಮ್ಲ ಎಲೆಕ್ಟ್ರೋಡಿನಿಂದ ದೂರ ಹರಿಯಬಾರದೆಂದು ಎಚ್ಚರಿಸುತ್ತದೆ; ಅದನ್ನು ಓದಿದವರು ಬತ್ತಿ ಸೇರಿಸಲು ಮುಂದಾಗುವುದಿಲ್ಲ.

ನಮ್ಮ ಸೆನ್ಸರ್ ಅಗ್ಗವಾಗಿದೆ ಎಂಬ ವಾದ ಒಂದೇ ಸಾಲದು. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 2(1)(ಜೆಎ) ಪ್ರಕಾರ ತಾಂತ್ರಿಕ ಮುನ್ನಡೆಯೋ ಆರ್ಥಿಕ ಮಹತ್ವವೋ ಇದ್ದರೂ, ಅದು ಬಲ್ಲವರಿಗೆ ಸಹಜವಾಗಿ ಹೊಳೆಯುವಂಥದ್ದಾಗಿರಬಾರದು.

ವಿಶಾಲವಾಗಿದ್ದ ಮೊದಲ ಕ್ಲೇಮನ್ನು (ಅರ್ಜಿಯಲ್ಲಿ ಇದು ನಮ್ಮದೆಂದು ಹಕ್ಕು ಕೇಳುವ ಸಾಲು) ಮಾತ್ರ ಕಿರಿದುಗೊಳಿಸಬೇಕಾಯಿತು. ಪಾಲುದಾರರಿಗೆ ಇನ್ನೂ ಸಿಟ್ಟಿದೆ, ನನಗೆ ಇಲ್ಲ. ಬತ್ತಿಯಿಲ್ಲದ ಕೋಣೆ ನಮ್ಮದೆಂದು ಹೇಳಲು ಬಾಯಿಯೇ ಬರುತ್ತಿರಲಿಲ್ಲ. ವಿಚಾರಣೆಗೆ ನೋಟಿಸ್ ಬಂದಿದೆ, ವಿಡಿಯೊ ಮೂಲಕ ನಡೆಯಲಿದೆ.