ಪದಚರ್ಚೆ: ‘ತೆರಿಗೆ ತಪ್ಪಿಸುವುದು’ ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ.

ನಾನು ಶಿವಮೊಗ್ಗದಲ್ಲಿ ಒಬ್ಬ ಆಡಿಟರ್ ಹತ್ತಿರ ಕೆಲಸ ಮಾಡುತ್ತೇನೆ. ಮಾಚೇನಹಳ್ಳಿ ಕಡೆಯ ಫೌಂಡ್ರಿ (ಲೋಹ ಕರಗಿಸಿ ಅಚ್ಚಿಗೆ ಹೊಯ್ಯುವ ಕಾರ್ಖಾನೆ), ಸಣ್ಣ ಕಾರ್ಖಾನೆಗಳ ಲೆಕ್ಕಪತ್ರ ನಮ್ಮಲ್ಲಿಗೆ ಬರುತ್ತವೆ. ಈಗ ಬಿ.ಕಾಂ. ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಪಾಠ ಬರೆಯುತ್ತಿದ್ದೇನೆ. ಕಾರ್ಖಾನೆ ಯಾರದ್ದು, ಅದರ ಹಣಕಾಸು ಹೇಗಿದೆ ಅನ್ನುವುದಕ್ಕೆ ತಕ್ಕಂತೆ ಕಂಪನಿ ತೆರಿಗೆ ವಿಷಯದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು ವಿಷಯ. ಕೆಲವು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕು.

ಮೊದಲನೆಯದೇ ದೊಡ್ಡದು. ‘ತೆರಿಗೆ ತಪ್ಪಿಸಿದ ಕಂಪನಿ’ ಅಂತ ಓದುತ್ತೇವೆ. ಆ ಕಂಪನಿ ಕಾನೂನು ಮುರಿಯಿತೋ, ಕಾನೂನಿನ ಸಂದಿಯಲ್ಲೇ ನುಸುಳಿತೋ ಗೊತ್ತಾಗುವುದಿಲ್ಲ. ಬಿಲ್ ಇಲ್ಲದೆ ಕಾಸ್ಟಿಂಗ್ (ಅಚ್ಚು ಹೊಯ್ದ ಲೋಹದ ಭಾಗ) ಮಾರಿದರೆ ಅದು ವಂಚನೆ, ವ್ಯಾಪಾರದವರ ಮಾತಿನಲ್ಲಿ ‘ನಂಬರ್ ಟೂ’. ಹೊಸ ಲೇತ್ ಮಷಿನ್ ತಂದು ಅದು ಸವೆಯುವುದರ ಲೆಕ್ಕಕ್ಕೆ ಶೇ. 15ರಂತೆ ಸವಕಳಿಯನ್ನು ಆದಾಯದಲ್ಲಿ ಕಳೆದರೆ ಅದು ಕಾನೂನೇ ಕೊಟ್ಟ ಉಳಿತಾಯ. ಇವೆರಡರ ನಡುವೆ ಇನ್ನೊಂದಿದೆ.

1985ರ ಮ್ಯಾಕ್‌ಡೊವೆಲ್ ಮೊಕದ್ದಮೆಯನ್ನೇ ನೋಡಿ. ಮದ್ಯ ತಯಾರಿಸುವ ಕಂಪನಿ. ಅಬಕಾರಿ ಸುಂಕವನ್ನು ಕೊಳ್ಳುವವರೇ ನೇರವಾಗಿ ಕಟ್ಟುತ್ತಿದ್ದರು. ಹಾಗಾಗಿ ಆ ಹಣ ತನ್ನ ವಹಿವಾಟಿಗೆ ಸೇರುವುದಿಲ್ಲ ಅಂತ ಕಂಪನಿಯ ವಾದ. ಸೇರದಿದ್ದರೆ ಮಾರಾಟ ತೆರಿಗೆ ಕಮ್ಮಿ ಬೀಳುತ್ತದೆ ಅಲ್ವಾ? ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕಾನೂನಿನೊಳಗೆ ತೆರಿಗೆ ಯೋಜನೆ ಮಾಡಿಕೊಳ್ಳಬಹುದು, ಬಣ್ಣ ಬಳಿದ ಉಪಾಯಗಳು ಅದರಲ್ಲಿ ಸೇರುವುದಿಲ್ಲ ಅಂದಿತು. ಮುಂದೆ 2017ರ ಏಪ್ರಿಲ್‌ನಿಂದ ಇದಕ್ಕೆಂದೇ ನಿಯಮಗಳು ಜಾರಿಗೆ ಬಂದವು. ವ್ಯಾಪಾರದ ಹುರುಳಿಲ್ಲದೆ, ಮುಖ್ಯವಾಗಿ ತೆರಿಗೆ ಇಳಿಸಲೆಂದೇ ಮಾಡಿದ ವ್ಯವಹಾರವನ್ನು ಇಲಾಖೆ ತಳ್ಳಿಹಾಕಬಹುದು. ಕಾನೂನಿಗೆ ಮೂರು ಬಗೆ ಕಾಣುತ್ತಿರುವಾಗ ನಮ್ಮ ಬರವಣಿಗೆಯಲ್ಲಿ ಎಲ್ಲಕ್ಕೂ ಒಂದೇ ಪದ ಸಾಕಾಗುವುದಿಲ್ಲ.

ನನ್ನ ಸಲಹೆ ಹೀಗಿದೆ: ತೆರಿಗೆ ಉಳಿತಾಯ, ತೆರಿಗೆ ನುಣುಚಿಕೆ, ತೆರಿಗೆ ವಂಚನೆ. ‘ನುಣುಚಿಕೊಂಡ’ ಅಂದರೆ ಕಳ್ಳ ಅನ್ನುವ ಅರ್ಥ ಬರುವುದಿಲ್ಲ, ಪೂರ್ತಿ ಸಾಚಾ ಅಂತಲೂ ಇಲ್ಲ. ‘ತಪ್ಪಿಸು’ವಿನಲ್ಲಿ ‘ತಪ್ಪು’ ಕೇಳಿಸುತ್ತದೆ, ಓದುವವರು ಆಗಲೇ ತೀರ್ಪು ಕೊಟ್ಟುಬಿಡುತ್ತಾರೆ. ನಿಯತ್ತಾಗಿ ಲೆಕ್ಕ ಇಡುವ ಸಣ್ಣ ಕಾರ್ಖಾನೆಯವರನ್ನೂ ಟ್ಯಾಕ್ಸ್ ಕಳ್ಳರ ಸಾಲಿಗೆ ಸೇರಿಸಿ ಮಾತಾಡುವುದನ್ನು ಕೇಳಿದಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಎರಡನೆಯದು ‘ಒಡೆತನ’. ‘ಮಾಲೀಕತ್ವ’, ‘ಸ್ವಾಮ್ಯ’ ಎರಡೂ ಬಳಕೆಯಲ್ಲಿವೆ. ನನಗೆ ಒಡೆತನವೇ ಹಿಡಿಸಿದೆ. ಆದರೆ ಪಾಠಕ್ಕೆ ಜೊತೆಯಲ್ಲಿ ‘ಹಿಡಿತ’ವೂ ಬೇಕು. ಷೇರು ಇರುವುದು ಒಡೆತನ, ತೀರ್ಮಾನ ಮಾಡುವುದು ಹಿಡಿತ. ಗಂಡ ಹೆಂಡತಿ ಇಬ್ಬರೇ ಡೈರೆಕ್ಟರ್ ಆಗಿರುವ ಫೌಂಡ್ರಿಯಲ್ಲಿ ಎರಡೂ ಒಂದೇ ಮನೆಯಲ್ಲಿರುತ್ತವೆ. ಅವರು ಸಂಬಳ ತೆಗೆದುಕೊಂಡರೆ ಕಂಪನಿಗೆ ಅದು ಖರ್ಚು, ಲಾಭ ಇಳಿಯುತ್ತದೆ. ಡಿವಿಡೆಂಡ್ (ಷೇರುದಾರರಿಗೆ ಹಂಚುವ ಲಾಭ) ಆದರೆ ಕಂಪನಿ ತೆರಿಗೆ ಕಟ್ಟಿ ಉಳಿದದ್ದರಲ್ಲಿ ಕೊಡಬೇಕು. 2020ರ ಏಪ್ರಿಲ್‌ನಿಂದ ಪಡೆದವರ ಆದಾಯಕ್ಕೂ ಅದು ಸೇರುತ್ತದೆ. ಕೆಲಸಕ್ಕೆ ತಕ್ಕ ಸಂಬಳವಾದರೆ ಉಳಿತಾಯ ಅನ್ನೋಣ. ಫೌಂಡ್ರಿಯ ಬಾಗಿಲೇ ನೋಡದ ನೆಂಟರಿಗೆ ಭಾರಿ ಸಂಬಳ ಬರೆದರೆ? ನುಣುಚಿಕೆ. ಅಧಿಕಾರಿ ಅದನ್ನು ಖರ್ಚು ಅಂತ ಒಪ್ಪದೇ ಇರಬಹುದು.

ಭದ್ರಾವತಿಯ ಉಕ್ಕಿನ ಕಾರ್ಖಾನೆಯದು ಬೇರೆಯೇ ಕಥೆ. 1998ರಲ್ಲಿ ಅದು ಕೇಂದ್ರ ಸರ್ಕಾರದ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಈಗ ಅದು ಬೇರೆ ಕಂಪನಿ ಅಲ್ಲ, ಒಂದು ಘಟಕ. ಅಲ್ಲಿನ ನಷ್ಟ ಇಡೀ ಪ್ರಾಧಿಕಾರದ ಲೆಕ್ಕದಲ್ಲಿ ಕರಗುತ್ತದೆ. ತೆರಿಗೆ ಉಳಿದರೂ ಅಲ್ಲಿನ ಯಾವ ಅಧಿಕಾರಿಯ ಜೇಬಿಗೂ ಬರುವುದಿಲ್ಲ. ಇನ್ನು ಮನೆತನದ ಕಂಪನಿ ಅಂದರೆ ಜಾಸ್ತಿ ನುಣುಚುತ್ತದೆ ಅಂತಲೂ ಅಂದುಕೊಳ್ಳಬೇಡಿ. ಅಮೆರಿಕದ ಷೇರುಪೇಟೆಯ ಕಂಪನಿಗಳ ಮೇಲೆ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮನೆತನದ ಕಂಪನಿಗಳೇ ಈ ವಿಷಯದಲ್ಲಿ ಹೆಚ್ಚು ಹಿಂಜರಿದಿದ್ದವು. ಹೊರಗಿನ ಷೇರುದಾರರಿಗೆ ಅನುಮಾನ ಬಂದರೆ ಷೇರಿನ ಬೆಲೆ ಬೀಳುತ್ತದೆ, ಹೆಸರು ಕೆಟ್ಟರೆ ಮನೆತನದ್ದೇ ಕೆಡುತ್ತದೆ.

ಮೂರನೆಯದಕ್ಕೆ ‘ಆರ್ಥಿಕ ಪರಿಸ್ಥಿತಿ’ ಬೇಡ, ಅದು ದೇಶದ ಮಾತಾಯಿತು. ‘ಹಣಕಾಸಿನ ಸ್ಥಿತಿ’ ಸರಿ. ಕಷ್ಟ ಇರುವುದು ‘ಕೈಯಲ್ಲಿ ದುಡ್ಡು ಓಡಾಡದ ಸ್ಥಿತಿ’ಗೆ ಪದ ಹುಡುಕುವಾಗ. ‘ಮುಗ್ಗಟ್ಟು’ ಅಂದರೆ ಕಾರ್ಖಾನೆ ಮುಳುಗಿದಷ್ಟು ಜೋರಾಯಿತು. ‘ಕೈ ಬಿಗಿ’ ಅಂದರೆ ಜಿಪುಣತನ. ಇಲ್ಲಿಯವರು ‘ರೊಟೇಷನ್ ಆಗ್ತಿಲ್ಲ’ ಅನ್ನುತ್ತಾರೆ. ಮಾಲು ಹೋಗಿದೆ, ಬಿಲ್ ಆಗಿದೆ, ಹಣ ಬಂದಿಲ್ಲ. ಆದರೂ ಲೆಕ್ಕದಲ್ಲಿ ಅದು ಆದಾಯವೇ, ತೆರಿಗೆ ಕಟ್ಟಲೇಬೇಕು. ಆಗ ಬ್ಯಾಂಕ್ ಸಾಲಕ್ಕಿಂತ ತೆರಿಗೆಯಲ್ಲಿ ಉಳಿಸುವ ರೂಪಾಯಿಯೇ ಅಗ್ಗ ಅನ್ನಿಸುತ್ತದೆ. ಅದೇ ಮನುಷ್ಯ ಸಿಸಿ ಲಿಮಿಟ್ (ದಿನದ ವ್ಯವಹಾರಕ್ಕೆ ಬ್ಯಾಂಕ್ ಕೊಡುವ ಕ್ಯಾಶ್ ಕ್ರೆಡಿಟ್ ಸಾಲದ ಮಿತಿ) ಏರಿಸಿಕೊಳ್ಳಲು ಬ್ಯಾಂಕಿಗೆ ಹೋದರೆ ಅವರು ರಿಟರ್ನ್ ಕೇಳುತ್ತಾರೆ, ಅದರಲ್ಲಿ ಲಾಭ ಕಾಣಬೇಕು. ತೆರಿಗೆಗಾಗಿ ಲಾಭ ಇಳಿಸಿದರೆ ಸಾಲ ಸಿಗುವುದಿಲ್ಲ. ಈ ಎಳೆದಾಟವೇ ನನ್ನ ಪಾಠದ ಜೀವ. ಅದನ್ನು ಹಿಡಿಯುವ ಪದ ಸಿಕ್ಕಿಲ್ಲ.

ಇನ್ನು ಕಂಪನಿ ತೆರಿಗೆ ವಿಷಯದಲ್ಲಿ ನಡೆದುಕೊಳ್ಳುವ ರೀತಿಗೆ ಪದ. ‘ನಡವಳಿಕೆ’ಯನ್ನು ಕೈಬಿಟ್ಟಿದ್ದೇನೆ. ಸರ್ಕಾರಿ ಆದೇಶಗಳ ತಲೆಯಲ್ಲಿ ‘ನಡವಳಿಗಳು’ ಅಂತ ಇರುತ್ತದೆ, ಮಕ್ಕಳಿಗೆ ಗೊಂದಲ. ‘ವರ್ತನೆ’ ಮನಶ್ಶಾಸ್ತ್ರದ ವಾಸನೆ. ‘ತೆರಿಗೆ ನಡೆ’ ಚಿಕ್ಕದಾಗಿ ಚೊಕ್ಕವಾಗಿದೆ ಅನ್ನಿಸುತ್ತದೆ.

ದಾವಣಗೆರೆ, ಹುಬ್ಬಳ್ಳಿ, ಮಂಗಳೂರಿನ ವ್ಯಾಪಾರದವರ ಬಾಯಲ್ಲಿ ‘ರೊಟೇಷನ್ ಆಗ್ತಿಲ್ಲ’ ಅನ್ನುವುದಕ್ಕೆ ಕನ್ನಡದ್ದೇ ಮಾತು ಇದೆಯಾ? ‘ನುಣುಚಿಕೆ’ ನಿಮ್ಮ ಕಡೆ ಬೈಗುಳವಾಗಿ ಕೇಳಿಸುತ್ತದೆಯಾ? ದಯವಿಟ್ಟು ತಿಳಿಸಿ.