ಎರಿ ಮಣ್ಣಾಗ ಪೇವರ್ ದಾರಿ ಅಗಲ ಮಾಡೋದು ಹ್ಯಾಂಗ್ರಿ? (ಪ್ರಶ್ನೋತ್ತರ)

ಪ್ರಶ್ನೆ, ಕಲಬುರಗಿ: ನಮಸ್ಕಾರ್ರಿ ಸರ್. ನಮ್ಮನಿ ಗೇಟ್‌ನಿಂದ ಪೋರ್ಟಿಕೋ ತನಕ ಪೇವರ್ ಹಾಕಿದ ದಾರಿ ಅದ, 30 ಫೂಟ್ ಉದ್ದ 8 ಫೂಟ್ ಅಗಲ, ಈಗ ದೊಡ್ಡ ಕಾರ್ ಬಂದದ, ಬಾಗ್ಲಾ ತೆಗದ್ರ ಕಾಲು ಸೀದಾ ಮಣ್ಣಾಗ, ಮಳಿಗಾಲ್ದಾಗಂತೂ ಅರ್ಧ ಅಂಗಳನೇ ಚಪ್ಪಲಿಗೆ ಅಂಟಿ ಮನಿ ಒಳಗ ಬರ್ತದ. ಕಂಪೌಂಡ್ ಕಡಿಗೆ ಇನ್ನೊಂದು 3 ಫೂಟ್ ಅಗಲ ಮಾಡಬೇಕು ಅಂತ. ಗೌಂಡಿ ಬಂದು ನೋಡಿ, ಮ್ಯಾಲಿನ ಮಣ್ಣು ಕೆರೆದು ಶಹಾಬಾದ್ ಪರ್ಶಿ ಪುಡಿ ಹಾಸಿ ಬ್ಲಾಕ್ ಜೋಡಿಸಿದ್ರ ಮುಗೀತು, ಒಂದ್ ದಿನದ ಕೆಲಸ ಅಂದ. ಅಷ್ಟೇ ಇದ್ರ ನಾನೂ ನನ್ ತಮ್ಮನೂ ಸೇರಿ ಮಾಡ್ಕೋಬಾರ್ದೇನ್ರಿ? ಬ್ಲಾಕ್ 60 ಎಂಎಂ, ಇಟ್ಟಂಗಿ ಆಕಾರದ್ದು.

ಉತ್ತರ (ಪೇವಿಂಗ್ ಗುತ್ತಿಗೆ ಕೆಲಸ ಮಾಡ್ತೀನಿ): ಮಾಡ್ಕೋಬಹುದ್ರಿ, ಖುಷಿಲಿಂದ ಮಾಡ್ರಿ, ಆದ್ರ ಗೌಂಡಿ ಹೇಳಿದಂಗ ಮಾತ್ರ ಬ್ಯಾಡ. ಬ್ಲಾಕ್ ಜೋಡಿಸೋದು ಇದ್ರಾಗ ಎಲ್ಲಕ್ಕಿಂತ ಹಗುರ ಕೆಲಸ, ಪೂರಾ ಕೆಲಸ ಇರೋದು ಅದರ ಕೆಳಗ. ನಮ್ಮ ಕಡಿ ಎರಿ ಮಣ್ಣು (ಕಪ್ಪು ಮಣ್ಣು) ಬ್ಯಾಸಿಗ್ಯಾಗ ಕೈ ಹೋಗುವಷ್ಟು ಬಿರುಕು ಬಿಡ್ತದ, ಮಳಿ ಬಿತ್ತಂದ್ರ ನೀರು ಕುಡಿದು ಉಬ್ಬತದ. ಹಳೇ 8 ಫೂಟ್ ದಾರಿ ತಳಾ ಇಷ್ಟು ವರ್ಷ ಗಾಡಿ ಓಡ್ಯಾಡಿ ಕುಂತುಬಿಟ್ಟದ. ಹೊಸ 3 ಫೂಟ್ ಹಸಿ ಮಣ್ಣಿನ ಮ್ಯಾಲೆ ಕುಂತ್ರ ಒಂದೇ ಮಳಿಗಾಲ್ದಾಗ ಹಳೇದು ಒಂದು ಲೆವೆಲ್ ಹೊಸದು ಒಂದು ಲೆವೆಲ್, ನಡುವ ಸರಿಯಾಗಿ ಟಾಯರ್ ಹೋಗೋ ಜಾಗಾದಾಗೇ ಗೆರಿ ಬೀಳ್ತದ.

ಹಂಗಾಗಿ 16 ಇಂಚ್ ಅಗೀರಿ. ಅದ್ರಾಗ 8 ಇಂಚ್ ಮುರುಮ್ (ಗರಸು ಮಣ್ಣು), ಅದರ ಮ್ಯಾಲ 4 ಇಂಚ್ ಸಣ್ಣ ದೊಡ್ಡ ಮಿಕ್ಸ್ ಖಡಿ (ಜಲ್ಲಿ ಕಲ್ಲು), ಒಂದೂವರೆ ಇಂಚ್ ಉಸುಕು, ಉಳಿದದ್ದು ಬ್ಲಾಕ್. ಮುರುಮ್ ಒಮ್ಮೆಲೇ ಸುರಿಬ್ಯಾಡ್ರಿ, 4 ಇಂಚ್ ಹಾಕಿ ನೀರು ಚಿಮುಕಿಸಿ ಪ್ಲೇಟ್ ಕಾಂಪ್ಯಾಕ್ಟರ್ (ನೆಲ ತಟ್ಟಿ ಗಟ್ಟಿ ಮಾಡೋ ಮಷೀನ್) ಹೊಡೀರಿ, ಮತ್ತ 4 ಇಂಚ್. ಕಾಂಪ್ಯಾಕ್ಟರ್ ಬಾಡಿಗಿಗೆ ಸಿಗ್ತದ, ಕೈ ದಿಮ್ಮಸಿನ ಮ್ಯಾಲೆ ಈ ಕೆಲಸ ಆಗಂಗಿಲ್ಲ. ಭಾಳ ಮಂದಿ ಮರಿಯೋದು ಅಂದ್ರ ಗುಂಡಿ ತಳಕ್ಕೂ ಇಳಿಜಾರು ಬೇಕು ಅನ್ನೋದು, ಯಾಕಂದ್ರ ಎರಿ ನೀರು ಬಿಟ್ಟುಕೊಡಂಗಿಲ್ಲ, ತಳಾ ಸಪಾಟ ಇದ್ರ ಮುರುಮ್ ಸಂದಿಲಿಂದ ಇಳಿದ ನೀರು ಅಲ್ಲೇ ನಿಂತು ಕೆಳಗಿನ ಮಣ್ಣು ಉಬ್ಬಸ್ತದ, ಅಗದಿದ್ದೆಲ್ಲಾ ದಂಡ.

ಪರ್ಶಿ ಪುಡಿ ವಿಷಯ: ಒಂದ್ ಮುಷ್ಟಿ ತಗೊಂಡು ತೊಯ್ಸಿ ಹಿಂಡಿ ಕೈ ಬಿಡ್ರಿ, ಉಂಡಿ ಆಗಿ ನಿಂತು ಬೆರಳಿಗೆ ಬೆಳ್ಳಗ ಹಿಟ್ಟು ಅಂಟಿತಂದ್ರ ಅದು ಬ್ಲಾಕ್ ಕೆಳಗ ಬ್ಯಾಡ. ಸುಣ್ಣದ ಕಲ್ಲಿನ ಹಿಟ್ಟು ಅದು, ನೀರು ಹಿಡ್ಕೋತದ, ಗಾಡಿ ಹೋದಾಗೆಲ್ಲ ಸಂದಿಲಿಂದ ರಾಡಿ ಆಗಿ ಮ್ಯಾಲ ಬರ್ತದ. ದಪ್ಪ ಕಾಳಿನ ತೊಳದ ಉಸುಕು ಹಾಕ್ರಿ, ಎಂ-ಸ್ಯಾಂಡ್ ಆದ್ರೂ ನಡೀತದ.

ಪ್ರಶ್ನೆ, ಕಲಬುರಗಿ: ಅಬ್ಬಾ, 16 ಇಂಚ್! ಮಟೀರಿಯಲ್ ಎಷ್ಟು ಬೇಕಾಗ್ತದ್ರಿ? ಮತ್ತ ಹಳೇ ದಾರಿ ಅಂಚಿಗೆ ಕರ್ಬ್ ಕಲ್ಲು ಕಾಂಕ್ರೀಟ್‌ನಾಗ ಕುಂದ್ರಿಸ್ಯಾರ, ಅದರ ಬಾಜುಕ್ಕೇ ಹೊಸ ಬ್ಲಾಕ್ ಶುರು ಮಾಡಬಹುದಾ?

ಉತ್ತರ: ಇಲ್ರಿ, ಆ ಕರ್ಬ್ ಕೀಳಲೇಬೇಕು. ಅದು ಬಿಟ್ರ ದಾರಿ ನಡುವೇ ಒಂದು ಗಟ್ಟಿ ಗೆರಿ ಉಳಿತದ, ಎರಡೂ ಕಡಿ ಬ್ಲಾಕ್ ಕುಸಿದ್ರೂ ಅದು ಎದ್ದು ನಿಂತಿರ್ತದ. ಕರ್ಬ್ ಜತಿ ಹಳೇ ಬ್ಲಾಕ್ ಎರಡು ಮೂರು ಸಾಲನೂ ಎಬ್ಬಿಸ್ರಿ. ಮೊದಲನೇದು ಹೊರಗ ಬರೋದೇ ಕಷ್ಟ, ಎರಡು ಸ್ಕ್ರೂಡ್ರೈವರ್ ಎರಡೂ ಕಡಿ ಸಂದ್ಯಾಗ ತುರುಕಿ ಅಲುಗಾಡಿಸ್ತಾ ಎತ್ರಿ, ಒಂದು ಬಂತಂದ್ರ ಉಳಿದವು ತಾನೇ ಬರ್ತಾವ. ಹಳೇ ಬ್ಲಾಕ್ ತೊಳದು ಹೊಸದ್ರ ಜತಿ ಕಲಸಿ ಹಾಕ್ರಿ, ಬಿಸಲಿಗೆ ಬಣ್ಣ ಹೋಗಿರ್ತದ, ಕಲಸಿದ್ರ ತೇಪಿ ಹಾಕಿದಂಗ ಕಾಣಂಗಿಲ್ಲ.

ಲೆಕ್ಕ: 90 ಸ್ಕ್ವೇರ್ ಫೂಟ್ ಅಂದ್ರ 8.4 ಸ್ಕ್ವೇರ್ ಮೀಟರ್. 200 ಬೈ 100 ಬ್ಲಾಕ್ ಮೀಟರಿಗೆ 50, ಕಟಿಂಗು ಒಡೆಯೋದು ಸೇರಿ 450 ತರಿಸ್ರಿ. ಮುರುಮ್ ಮುಕ್ಕಾಲು ಬ್ರಾಸ್ (ಒಂದು ಬ್ರಾಸ್ ಅಂದ್ರ 100 ಘನ ಫೂಟ್), ಖಡಿ 40 ಘನ ಫೂಟ್, ಉಸುಕು 15 ರಿಂದ 20. ಹೊರಗ ಬೀಳೋ ಮಣ್ಣೇ ಒಂದೂವರೆ ಬ್ರಾಸ್ ಆಗ್ತದ, ಅದು ಎಲ್ಲಿ ಒಗಿಬೇಕು ಅಂತ ಗುದ್ಲಿ ಹಿಡಿಯೋಕಿಂತ ಮೊದಲೇ ನೋಡಿಟ್ಟುಕೊಳ್ರಿ. ನೀರಿನ ಪೈಪ್, ಕೇಬಲ್ ಎಲ್ಲಿ ಹೋಗ್ಯಾವ ಅಂತನೂ ಕೇಳ್ರಿ. ಇನ್ನೊಂದು, ಕಂಪೌಂಡ್ ಗೋಡಿ ಪಾಯಾ ಎಷ್ಟು ಆಳ ಅದ ಅಂತ ಮೊದಲು ಒಂದು ಕಡಿ ಅಗದು ನೋಡ್ರಿ, ಪಾಯಾಕ್ಕಿಂತ ಕೆಳಗ ಹೋಗಲೇಬ್ಯಾಡ್ರಿ, ಗೋಡಿ ಮೈಮ್ಯಾಲ ಬಿದ್ದೀತು.

ಹೊರಗಿನ ಅಂಚಿಗೆ ಹೊಸ ಕರ್ಬ್, ಕಾಂಕ್ರೀಟ್ ಬೆಡ್ ಮ್ಯಾಲ, ಹಿಂದ ಕಾಂಕ್ರೀಟ್ ಸಪೋರ್ಟ್. ಅಂಚು ಗಟ್ಟಿ ಇಲ್ಲಂದ್ರ ಬ್ಲಾಕ್ ಹೊರಗ ಸರಕೋತ ಹೋಗ್ತಾವ, ಸಂದಿ ಬಾಯಿ ಬಿಡ್ತಾವ.

ಮಧ್ಯೆ ಒಬ್ಬರು, ಯಾದಗಿರಿ: ಇಷ್ಟೆಲ್ಲಾ ಯಾಕ್ರಿ, ಸಂದಿಗೆ ಸಿಮೆಂಟ್ ನೀರು ಹಾಕಿಬಿಟ್ರ ಪಕ್ಕಾ ಆಗ್ತದಲ್ಲ? ನಮ್ಮಲ್ಲಿ ಹಂಗೇ ಮಾಡ್ಯಾರ, ಆದ್ರ ನೀರಿನ ಟ್ಯಾಂಕರ್ ಬಂದು ನಿಂದ್ರೋ ಕಡಿ ಕುಸಿದದ, ಅದೊಂದು ಬ್ಯಾರೇ ಮಾತು.

ಉತ್ತರ: ಬ್ಯಾರೇ ಮಾತಲ್ರಿ, ಅದೇ ಮಾತು! ಬ್ಲಾಕ್ ಸ್ವಲ್ಪ ಅಲುಗಾಡಿ ಭಾರ ಹಂಚ್ಕೋಬೇಕು, ಸಂದ್ಯಾಗ ಒಣ ಸಣ್ಣ ಉಸುಕೇ ಇರಬೇಕು. ಸಿಮೆಂಟ್ ಹಾಕಿದ್ರ ಗಟ್ಟಿ ಆಗಿ ಎರಿ ಉಬ್ಬಿದಾಗ ಬಿರಕಿ ಬಿಡ್ತದ, ನಾಳೆ ಪೈಪ್ ರಿಪೇರಿಗೆ ಎಬ್ಬಿಸಬೇಕಂದ್ರ ಒಡಿಲೇಬೇಕು. ಮತ್ತ 5000 ಲೀಟರ್ ಟ್ಯಾಂಕರ್ ಅಂದ್ರ ನೀರಿನ ತೂಕನೇ 5 ಟನ್, ಗಾಡಿದು ಬ್ಯಾರೆ. 60 ಎಂಎಂ ಇರೋದು ಹಗುರ ಗಾಡಿಗೆ, ಟ್ಯಾಂಕರ್ ಬರೋ ಕಡಿ 80 ಎಂಎಂ, ಎಂ-40 ಗ್ರೇಡ್ (ಕಾಂಕ್ರೀಟ್ ಗಟ್ಟಿತನದ ಅಳತಿ) ಬ್ಲಾಕ್ ಬೇಕು, ಕೆಳಗ ಖಡಿನೂ ದಪ್ಪ. ಕುಸಿದಷ್ಟು ಜಾಗಾ ಎಬ್ಬಿಸಿ ತಳಾ ಸರಿ ಮಾಡ್ರಿ, ಮ್ಯಾಲ ಉಸುಕು ತುಂಬಿ ಲೆವೆಲ್ ಮಾಡಿದ್ರ ಮತ್ತ ಕುಸಿತದ.

ಪ್ರಶ್ನೆ, ಬೀದರ್: ನಮ್ಮದು ಕೆಂಪು ಮುರುಮ್ ನೆಲ ಸರ್, ನಾವೂ 16 ಇಂಚ್ ಅಗಿಬೇಕೇನು?

ಉತ್ತರ: ನೀವು ಪುಣ್ಯವಂತ್ರು. ಅದು ಎರಿ ಹಂಗ ಉಬ್ಬಂಗಿಲ್ಲ, ನೆಲ ಗಟ್ಟಿ ಇದ್ರ 8 ಇಂಚ್ ಸಾಕು, ಖಡಿ ಉಸುಕು ಬ್ಲಾಕ್ ಅಷ್ಟೇ. ಅಗಿಯುವಾಗ ಮೆತ್ತಗಿನ ಜಾಗಾ ಸಿಕ್ರ ಅಷ್ಟು ಮಾತ್ರ ತೆಗದು ಮುರುಮ್ ತುಂಬ್ರಿ.

ಪ್ರಶ್ನೆ, ಕಲಬುರಗಿ: ಕಡೀದೊಂದು. ಉಸುಕು ಲೆವೆಲ್ ಹ್ಯಾಂಗ? ಯಾವಾಗ ಶುರು ಮಾಡ್ಲಿ, ಮೇ ರಜಾ ಅದ.

ಉತ್ತರ: ಮೇ ಬ್ಯಾಡ್ರಿ, ಮಣ್ಣು ಪೂರಾ ಬಿರಕಿ ಬಿಟ್ಟಿರ್ತದ, ಜೂನ್‌ದಾಗ ಉಬ್ಬತದ. ದೀಪಾವಳಿ ಆದಮ್ಯಾಲ, ಮಣ್ಣು ಹದ ಇದ್ದಾಗ ಮಾಡ್ರಿ. ಎರಡು ಜಿಐ ಪೈಪ್ ಖಡಿ ಮ್ಯಾಲ ಇಟ್ಟು ನಡುವ ಉಸುಕು ಸುರುವಿ ಅಲ್ಯೂಮಿನಿಯಂ ಪಟ್ಟಿ ಎಳೀರಿ, ಪೈಪ್ ತೆಗದು ಆ ಖಾಲಿ ಜಾಗಾಕ್ಕೂ ಉಸುಕು ತುಂಬ್ರಿ, ಆ ಮ್ಯಾಲ ಯಾರೂ ಕಾಲಿಡಬಾರ್ದು, ಜೋಡಿಸಿದ ಬ್ಲಾಕ್ ಮ್ಯಾಲೆ ಕುಂತೇ ಮುಂದ ಹೋಗ್ರಿ. ಹೊಸ ಬ್ಲಾಕ್ ಹಳೇದಕ್ಕಿಂತ ಒಂದು 8 ಎಂಎಂ ಎತ್ತರ ಇರಲಿ, ಕಾಂಪ್ಯಾಕ್ಟರ್ ಹೊಡದ್ರ ಸಮ ಆಗ್ತದ. ಇಳಿಜಾರು ಮನಿಲಿಂದ ಹೊರಗ, 10 ಫೂಟಿಗೆ ಎರಡೂವರೆ ಇಂಚ್, ಹಳೇ ದಾರಿ ಮ್ಯಾಲ ದಾರ ಕಟ್ಟಿ ಅದೇ ಇಳಿಜಾರು ಮುಂದುವರಿಸ್ರಿ. ಸಂದಿಗೆ ಉಸುಕು ಗುಡಿಸಿ ತುಂಬಿ ಮತ್ತೊಮ್ಮೆ ಕಾಂಪ್ಯಾಕ್ಟರ್, ವಾರ ಬಿಟ್ಟು ಇನ್ನೊಮ್ಮೆ ಉಸುಕು. ಗುಂಡಿ ಅಗದ ಮ್ಯಾಲ ಒಂದು ಫೋಟೋ ಹಾಕ್ರಿ, ತಳಾ ನೋಡಿ ಹೇಳ್ತೀನಿ.