ಸೋಪು ಹಚ್ಚಿದ ಕೈಯ ಬ್ರೆಡ್ಡಿಗೇ ಬೂಷ್ಟು ಬಂತು! ಮಕ್ಕಳಿಗೆ ಏನು ಹೇಳಲಿ?

ಯಲಬುರ್ಗಾ ಟೀಚರ್:

ಎಲ್ಲರಿಗೂ ನಮಸ್ಕಾರ. ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಆರು, ಏಳನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಅಕ್ಟೋಬರ್ 15 ವಿಶ್ವ ಕೈತೊಳೆಯುವ ದಿನ ಅಲ್ವಾ, ಸುಮ್ನೆ ಭಾಷಣ ಮಾಡುವ ಬದಲು ಏನಾದರೂ ಮಾಡಿ ತೋರಿಸೋಣ ಅಂತ ಬ್ರೆಡ್ ಪ್ರಯೋಗಕ್ಕೆ ಕೈ ಹಾಕಿದೆ. ಈಗ ಕೈ ಸುಟ್ಟುಕೊಂಡು ಕೂತಿದ್ದೇನೆ.

ಮೂರು ತುಂಡು ಬ್ರೆಡ್. ಒಂದನ್ನು ಯಾರೂ ಮುಟ್ಟಲಿಲ್ಲ, ಚಿಮಟದಲ್ಲಿ ಎತ್ತಿ ಕವರಿಗೆ ಹಾಕಿದೆ. ಒಂದನ್ನು ಕಬಡ್ಡಿ ಆಡಿ ಬಂದ ಹುಡುಗ ಹಾಗೇ ಹಿಡಿದ. ಇನ್ನೊಂದನ್ನು ಸೋಪು ಹಚ್ಚಿ ಕೈ ತೊಳೆದ ಹುಡುಗಿ ಹಿಡಿದಳು. ಮೂರನ್ನೂ ಜಿಪ್ ಕವರಿನಲ್ಲಿ ಮುಚ್ಚಿ, ಹೆಸರು ಬರೆದು, ಗೋಡೆಗೆ ನೇತು ಹಾಕಿದೆವು. ಆರನೇ ದಿನ ನೋಡಿದರೆ ಸೋಪಿನ ಬ್ರೆಡ್ಡಿಗೆ ಎಂಟಾಣೆ ಅಗಲದ ಹಸಿರು ಬೂಷ್ಟು. ಕಬಡ್ಡಿ ಬ್ರೆಡ್ಡು ಅಂಗಡಿಯಿಂದ ಈಗ ತಂದಂತೆ ಇತ್ತು!

ಹಿಂದಿನ ಬೆಂಚಿನವನೊಬ್ಬ ಇದ್ದಾನೆ. ಎದ್ದು ನಿಂತು, "ಮಿಸ್, ಹಂಗಾದ್ರ ಸೋಪು ಹಚ್ಚೂದ ಬ್ಯಾಡ ಬಿಡ್ರಿ" ಅಂದ. ಇಡೀ ಕ್ಲಾಸು ನಕ್ಕಿತು. ಅವತ್ತಿನಿಂದ ಬಿಸಿಯೂಟದ ಹೊತ್ತಿಗೆ ಎಲ್ಲರೂ ಬೆರಳಿಗೆ ನೀರು ತಾಕಿಸಿ ಬಂದು ಕೂರುತ್ತಿದ್ದಾರೆ.

ಇವನೇ ಹೋದ ತಿಂಗಳು ಮೆಣಸಿನ ಪುಡಿ ಪ್ರಯೋಗವನ್ನೂ ಕೆಡಿಸಿದ್ದ. ತಟ್ಟೆಯ ನೀರಿನ ಮೇಲೆ ಕರಿಮೆಣಸಿನ ಪುಡಿ ಉದುರಿಸಿ, ಸೋಪು ಮುಟ್ಟಿದ ಬೆರಳು ಇಟ್ಟರೆ ಪುಡಿ ಚದುರಿ ಓಡುತ್ತದಲ್ಲ, ರೋಗಾಣುವೂ ಸೋಪಿಗೆ ಹೀಗೇ ಓಡುತ್ತದೆ ಅಂತ ತೋರಿಸುವುದು, ಅದು. "ಮೆಣಸು ಎಲ್ಲೂ ಹೋಗಿಲ್ರಿ ಮಿಸ್, ತಾಟಿನ ಅಂಚಿಗೆ ಹೋಗಿ ಕುಂತೈತಿ" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ದಾರಿ ಹೇಳಿ.

ಸಿಂಧನೂರು ಮೇಷ್ಟ್ರು:

ಮೇಡಂ, ಮೊದಲು ಆ ಹುಡುಗನಿಗೆ ಒಂದು ಶಭಾಷ್ ಹೇಳಿ. ಎರಡು ಸಲವೂ ಅವನು ಹೇಳಿದ್ದರಲ್ಲಿ ಹುರುಳಿದೆ.

ಒಂದು ಪ್ರಶ್ನೆ. ಸೋಪು ಹಚ್ಚಿದ ಹುಡುಗಿ ಕೈ ಒರೆಸಿಕೊಂಡಿದ್ದಳಾ?

ಯಲಬುರ್ಗಾ ಟೀಚರ್:

ಅಯ್ಯೋ! ಇಲ್ಲ ಸರ್. ಕೈ ಝಾಡಿಸಿಕೊಂಡು ಬಂದು ಹಾಗೇ ಹಿಡಿದಳು. ಬ್ರೆಡ್ಡಿನ ಮೇಲೆ ಬೆರಳಿನ ಹಸಿ ಗುರುತು ಬಿದ್ದಿದ್ದನ್ನು ನಾನೇ ನೋಡಿದ್ದೆ.

ಸಿಂಧನೂರು ಮೇಷ್ಟ್ರು:

ಅಲ್ಲಿಗೆ ಬಂತು ನೋಡಿ. ಬೂಷ್ಟಿಗೆ ಬೇಕಾದದ್ದು ಪಸೆ. ನೀವೇ ನೀರುಣಿಸಿದ್ದೀರಿ. ಅದರ ಬೀಜಕಗಳು ಗಾಳಿಯಲ್ಲೇ ಇರುತ್ತವೆ, ಕವರಿಗೆ ಹಾಕುವಾಗ ಯಾವ ತುಂಡಿನ ಮೇಲೆ ಎಷ್ಟು ಕೂತವೋ ಯಾರಿಗೆ ಗೊತ್ತು? ಒಂದೊಂದೇ ತುಂಡು ಇಟ್ಟರೆ ಅದು ಲಾಟರಿ. ಒಂದೊಂದು ಗುಂಪಿಗೆ ಕನಿಷ್ಠ 5 ತುಂಡು ಇಡಿ.

ಪೊಟ್ಟಣವನ್ನೂ ಓದಿ. ಕ್ಯಾಲ್ಸಿಯಂ ಪ್ರೊಪಿಯೊನೇಟ್ ಅಥವಾ ಅದರ ಸಂಖ್ಯೆ 282 ಎಂದು ಇದ್ದರೆ ಅದು ಬೂಷ್ಟು ತಡೆಯಲೆಂದೇ ಹಾಕಿದ್ದು. ಇನ್ನೊಂದು ಮಾತು. ಬ್ರೆಡ್ಡಿನ ಬೂಷ್ಟೇ ಬೇರೆ, ಹೊಟ್ಟೆ ಕೆಡಿಸುವ ರೋಗಾಣುಗಳೇ ಬೇರೆ. ಬ್ರೆಡ್ಡು ಬಿಳಿ ಇದ್ದರೆ ಕೈ ಶುದ್ಧ ಅನ್ನುವಂತಿಲ್ಲ. ಹಾಗೇ ಆ ಕವರುಗಳನ್ನು ತೆರೆಯಬೇಡಿ, ಹಾಗೇ ಕಸಕ್ಕೆ ಹಾಕಿ. ಮಕ್ಕಳು ಮೂಸಿ ನೋಡುವುದು ಗ್ಯಾರಂಟಿ.

ಬಳ್ಳಾರಿ ಲ್ಯಾಬ್:

ನಾನು ಟೀಚರ್ ಅಲ್ಲ, ರಕ್ತ ಪರೀಕ್ಷೆ ಮಾಡುವ ಲ್ಯಾಬಿನವನು. ಮೆಣಸಿನದು ನೀರಿನ ಮೇಲ್ಮೈ ಎಳೆತದ ಆಟ. ಸೋಪು ಬಿದ್ದ ಕಡೆ ಎಳೆತ ಕಡಿಮೆಯಾಗುತ್ತದೆ, ಸುತ್ತಲಿನ ನೀರು ಪುಡಿಯನ್ನು ಅಂಚಿಗೆ ಎಳೆದುಕೊಳ್ಳುತ್ತದೆ. ರೋಗಾಣು ಸೋಪಿಗೆ ಹೆದರಿ ಓಡುವುದಿಲ್ಲ. ಸೋಪಿನ ಕಣದ ಒಂದು ತುದಿ ಜಿಡ್ಡಿಗೆ ಅಂಟುತ್ತದೆ, ಇನ್ನೊಂದು ನೀರಿಗೆ. ಉಜ್ಜಿದಾಗ ಜಿಡ್ಡು ಏಳುತ್ತದೆ, ಅದರ ಜೊತೆ ರೋಗಾಣುವೂ ನೀರಿನಲ್ಲಿ ಹೋಗುತ್ತದೆ. ಕೊರೊನಾದಂಥ ಕೆಲವು ವೈರಸ್ಸುಗಳ ಹೊರಪೊರೆಯೇ ಜಿಡ್ಡಿನದು, ಅದು ಸೋಪಿಗೆ ಒಡೆದೇ ಹೋಗುತ್ತದೆ.

ಮೇಷ್ಟ್ರ ಲಾಟರಿ ಮಾತಿಗೆ ಒಂದು ಸೇರಿಸುತ್ತೇನೆ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಹೆಣ ಕೊಯ್ದು ಬಂದವರು ಹೆರಿಗೆ ಮಾಡಿಸುವ ಮೊದಲು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕು ಎಂದು ಕಟ್ಟುಮಾಡಿದ. ಏಪ್ರಿಲ್‌ನಲ್ಲಿ ಬಾಣಂತಿಯರಲ್ಲಿ ನೂರಕ್ಕೆ 18 ಜನ ಸಾಯುತ್ತಿದ್ದರು, ಜೂನ್ ಹೊತ್ತಿಗೆ ಸುಮಾರು 2ಕ್ಕೆ ಇಳಿಯಿತು. ಒಬ್ಬಳು ಬದುಕಿದಳು ಅಂತ ಅವನು ಹೇಳಲಿಲ್ಲ, ತಿಂಗಳು ತಿಂಗಳು ಲೆಕ್ಕ ಇಟ್ಟ. ಅಷ್ಟಾದರೂ ಬಹಳ ಜನ ವೈದ್ಯರು ಒಪ್ಪಲಿಲ್ಲ, ಅದು ಬೇರೆ ಕಥೆ.

ಜಾಸ್ತಿ ಚೆಂದ ಕಾಣಬೇಕಾದರೆ ಅಂಗಡಿಯವರು ನೋಟು ನೋಡುವ ನೇರಳೆ ಲೈಟು ಇಸಿದುಕೊಳ್ಳಿ. ಕೈಗೆ ವ್ಯಾಸಲೀನ್ ಹಚ್ಚಿ, ಕತ್ತಲು ಮಾಡಿ ಹಿಡಿದರೆ ತಿಳಿನೀಲಿ ಹೊಳೆಯುತ್ತದೆ. ತೊಳೆದ ಮೇಲೆ ಮತ್ತೆ ಹಿಡಿಯಿರಿ, ಉಳಿದ ಜಾಗ ಕಾಣುತ್ತದೆ. ಬಿಳಿ ಶರ್ಟುಗಳೂ ಹೊಳೆಯುತ್ತವೆ, ಬಟ್ಟೆ ಪುಡಿಯಲ್ಲಿ ಹೊಳಪಿನ ಪದಾರ್ಥ ಇರುತ್ತದೆ. ಕ್ಲಾಸು ಹತ್ತು ನಿಮಿಷ ನಿಮ್ಮ ಕೈಯಲ್ಲಿ ಇರುವುದಿಲ್ಲ! ಲೈಟನ್ನು ಕಣ್ಣಿಗೆ ಬಿಡಬೇಡಿ. ರೋಗಾಣು ಕೊಲ್ಲುವ ಟ್ಯೂಬು, ನೀರಿನ ಫಿಲ್ಟರಿನ ಟ್ಯೂಬು ಮಾತ್ರ ಬೇಡವೇ ಬೇಡ, ಅದು ಚರ್ಮ, ಕಣ್ಣು ಎರಡನ್ನೂ ಸುಡುತ್ತದೆ.

ಮಸ್ಕಿ ಅಕ್ಕ:

ಲೈಟು ಗೀಟು ಇಲ್ಲದೆ ಆಗುವಂಥದ್ದು ಹೇಳ್ತೀನಿ ಟೀಚರ್. ಅಂಗೈಗೆ ಅರ್ಧ ಚಮಚ ಶೇಂಗಾ ಎಣ್ಣೆ, ಮೇಲೆ ಚಿಟಿಕೆ ಚಕ್ಕೆ ಪುಡಿ. ಎರಡೂ ಕೈಗೆ ಸವರಿ ಬರೀ ನೀರಲ್ಲಿ ತೊಳೆಸಿ. ಹೋಗುವುದಿಲ್ಲ. ಸೋಪು ಹಚ್ಚಿದರೆ ಹೋಗುತ್ತದೆ, ಉಜ್ಜಿದಷ್ಟು ಮಾತ್ರ.

ಅರಿಶಿನ ಹಾಕಬೇಡಿ, ನಾನು ಹಾಕಿ ಪಜೀತಿ ಪಟ್ಟಿದ್ದೇನೆ. ಸೋಪು ತಾಗಿದ ಕೂಡಲೇ ಕೆಂಪಾಯಿತು, ಒಂದು ಹುಡುಗಿ ರಕ್ತ ಅಂತ ಅತ್ತೇಬಿಟ್ಟಳು. ಸೋಪು ಕ್ಷಾರ ಅಲ್ವಾ. ಅರಿಶಿನಕ್ಕೆ ಸುಣ್ಣ ಕಲಸಿದರೆ ಕೆಂಪಾಗುತ್ತದಲ್ಲ, ಹಾಗೇ. ಅದೂ ಒಳ್ಳೆ ಪಾಠವೇ, ಆದರೆ ಬೇರೆ ದಿನಕ್ಕೆ ಇಟ್ಟುಕೊಳ್ಳಿ. ಖಾರದ ಪುಡಿಯಂತೂ ಬೇಡ, ಕಣ್ಣು ಉಜ್ಜಿಕೊಳ್ಳುತ್ತಾರೆ.

ಯಲಬುರ್ಗಾ ಟೀಚರ್:

ಅಕ್ಕಾ, ಮಾಡಿದೆ. ಆ ಹುಡುಗನನ್ನೇ ಲೆಕ್ಕ ಬರೆಯಲು ಕೂರಿಸಿದೆ.

ಸೆಕೆಂಡು ಎಣಿಸಲು ಏಳರ ಮಗ್ಗಿ ಇಟ್ಟುಕೊಂಡೆವು. ನಮ್ಮ ಮಕ್ಕಳು 11 ಸೆಕೆಂಡಿಗೆ ಒದರಿ ಮುಗಿಸುತ್ತಾರೆ, ಆದ್ದರಿಂದ ಎರಡು ಸಲ. 20 ಸೆಕೆಂಡ್ ದಾಟುತ್ತದೆ. 12 ಮಕ್ಕಳು ಬರೀ ನೀರು, 12 ಮಕ್ಕಳು ಸೋಪಿನ ಜೊತೆ ಒಂದು ಮಗ್ಗಿ, 12 ಮಕ್ಕಳು ಎರಡು. ಬರೀ ನೀರಿನವರ ಕೈ 12ಕ್ಕೆ 12 ಕಂದು. ಒಂದು ಮಗ್ಗಿಯವರಲ್ಲಿ 9 ಜನರಿಗೆ ಹೆಬ್ಬೆರಳ ಬುಡದಲ್ಲೋ ಉಗುರ ಸಂದಿಯಲ್ಲೋ ಉಳಿದಿತ್ತು. ಎರಡು ಮಗ್ಗಿಯವರಲ್ಲಿ 3.

ನನಗೆ ಹೊಳೆಯದೇ ಇದ್ದದ್ದು ಅವನಿಗೆ ಹೊಳೆಯಿತು. ಉಳಿದ ಕಲೆ ಹೆಚ್ಚಾಗಿ ಬಲಗೈ ಹೆಬ್ಬೆರಳಿನಲ್ಲೇ. "ಎಡಗೈಗೆ ತಿಕ್ಕಾಕ ಬರಂಗಿಲ್ರಿ ಮಿಸ್." ಉಣ್ಣುವುದೂ ಅದೇ ಬಲಗೈಯಲ್ಲಿ. ಎಡಚ ಹುಡುಗಿ ಒಬ್ಬಳಿದ್ದಾಳೆ, ಅವಳಿಗೆ ಎಡಗೈಯಲ್ಲಿ ಉಳಿದಿತ್ತು!

ನಡುವೆ ಇನ್ನೊಂದು ತಕರಾರು. ನಮ್ಮ ಬೋರಿನ ನೀರು ಸೌಳು, ಸೋಪಿನ ನೊರೆಯೇ ಏಳುವುದಿಲ್ಲ. ಎರಡು ಬಾಟಲಿಗೆ ಒಂದೇ ಅಳತೆ ಸೋಪಿನ ತುರಿ ಹಾಕಿ, ಒಂದಕ್ಕೆ ಬೋರಿನ ನೀರು, ಇನ್ನೊಂದಕ್ಕೆ ಐದು ರೂಪಾಯಿ ಕಾಯಿನ್ ಹಾಕಿ ತರುವ ಫಿಲ್ಟರ್ ನೀರು ಹಾಕಿ ಕುಲುಕಿದೆವು. ಫಿಲ್ಟರ್ ನೀರಲ್ಲಿ ನೊರೆ ಬಾಟಲಿ ತುಂಬಿತು. ಬೋರಿನದರಲ್ಲಿ ಮೊಸರು ಒಡೆದಂತೆ ಬಿಳಿ ಚೂರು. ಬೋರಿನ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನು ಹಿಡಿದುಕೊಂಡರೆ ಕೈಗೆ ಉಳಿಯುವುದೆಷ್ಟು? ಈಗ ಎರಡು ಸಲ ಸೋಪು ಹಚ್ಚಿ ಅಂತ ಹೇಳಿದ್ದೇನೆ. ಸೋಪು ಮಂಗಮಾಯ ಆಗುತ್ತಿತ್ತು, ಈರುಳ್ಳಿ ಚೀಲದ ಬಲೆಯಲ್ಲಿ ಹಾಕಿ ನಳಕ್ಕೆ ಕಟ್ಟಿದ್ದೇವೆ.

ಸೋಮವಾರ ಬ್ರೆಡ್ ಮತ್ತೆ ಇಡುತ್ತೇವೆ, ಐದೈದು ತುಂಡು, ಕೈ ಒರೆಸಿಕೊಂಡು. ಬೇಕರಿಯಲ್ಲಿ 282 ಇಲ್ಲದ ಬ್ರೆಡ್ ಕೇಳಿದ್ದಕ್ಕೆ "ಹಂಗಂದ್ರ ಏನ್ರಿ ಮೇಡಂ, ಬಸ್ ನಂಬರಾ?" ಅಂದ.

ಸಿಂಧನೂರು ಮೇಷ್ಟ್ರು:

ಅಯ್ಯೋ ಮೇಡಂ! ಒದ್ದೆ ಕೈಯ ಗುಂಪನ್ನೂ ಒಂದು ಇಡಿ, ಬಿಡಬೇಡಿ. ಹುಡುಗ ಅದನ್ನು ಕೇಳಿಯೇ ಕೇಳುತ್ತಾನೆ.